ಬಿಡಿಸಿಕೊಂಡ ಹೊತ್ತು: ಸಮಯದ ಸದ್ಬಳಕೆಯನ್ನು ಕ್ರೈಸ್ತ ನಂಬಿಕೆ ನೋಡುವ ಬಗೆ

‘ಕಾಲ ಕಳೆದೆವು’ ಎಂದು ನಾವು ಯಾವ ಅಳುಕೂ ಇಲ್ಲದೆ ಹೇಳುತ್ತೇವೆ. ಕಾಲವನ್ನು ಸಾಗಿಸಿದೆವು ಎಂಬುದು ಅದರ ಅರ್ಥ. ಆದರೆ ಕಾಲವನ್ನು ಕಳೆದುಕೊಂಡೆವು ಎಂಬ ನೆರಳೂ ಅದೇ ಮಾತಿನೊಳಗೆ ಅಡಗಿ ಕುಳಿತಿದೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಇದಕ್ಕೆ ನೇರ ವಿರುದ್ಧವಾದ ಒಂದು ಕ್ರಿಯಾಪದ ಬರುತ್ತದೆ. ಎಫೆಸದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದ 16ನೆಯ ವಚನದಲ್ಲಿ, ದಿನಗಳು ಕೆಟ್ಟವಾಗಿರುವುದರಿಂದ ಸಮಯವನ್ನು ‘ಎಕ್ಸಗೊರಾಜೊ’ ಮಾಡಿರಿ ಎಂದು ಆದಿಕ್ರೈಸ್ತ ಪ್ರಚಾರಕ ಪೌಲನು ಹೇಳುತ್ತಾನೆ. ಈ ಗ್ರೀಕ್ ಪದದ ಹೊಟ್ಟೆಯಲ್ಲಿ ‘ಅಗೊರಾ’, ಅಂದರೆ ಸಂತೆ ಅಥವಾ ಪೇಟೆ, ಎಂಬ ಪದವಿದೆ. ಒಟ್ಟು ಅರ್ಥ ಬೆಲೆ ಕೊಟ್ಟು ಕೊಂಡು ಹೊರಗೆ ತರುವುದು ಎಂದು. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಕ್ರಿಸ್ತನು ಮನುಷ್ಯರನ್ನು ಧರ್ಮಶಾಸ್ತ್ರದ ಶಾಪದಿಂದ ಬಿಡಿಸಿದನು ಎನ್ನುವಾಗಲೂ ಪೌಲನು ಬಳಸುವುದು ಇದೇ ಪದವನ್ನು. ಒತ್ತೆ ಇಟ್ಟ ಒಡವೆಯನ್ನು ಬಿಡಿಸಿಕೊಳ್ಳುತ್ತೇವಲ್ಲ, ಆ ‘ಬಿಡಿಸಿಕೊಳ್ಳು’ ಎಂಬ ಮಾತು ಇದಕ್ಕೆ ಬಹಳ ಹತ್ತಿರದ್ದು. ಹೊತ್ತು ನಮ್ಮ ಕೈಯಲ್ಲಿ ತುಂಬಿ ತುಳುಕುತ್ತಿಲ್ಲ, ಅದು ಈಗಾಗಲೇ ಯಾರ ಯಾರದೋ ಹಿಡಿತದಲ್ಲಿದೆ, ಬೆಲೆ ಕೊಡದೆ ಅದು ನಮ್ಮದಾಗುವುದಿಲ್ಲ ಎಂಬುದು ಈ ಒಂದು ಪದದೊಳಗಿನ ತಿಳಿವಳಿಕೆ.

ಇದೇ ಮಾತು ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದದಲ್ಲಿಯೂ ಒಮ್ಮೆ ಬರುತ್ತದೆ, ಅದೂ ಸ್ವಾರಸ್ಯಕರವಾದ ಜಾಗದಲ್ಲಿ. ದಾನಿಯೇಲನ ಗ್ರಂಥದ 2ನೆಯ ಅಧ್ಯಾಯದಲ್ಲಿ ರಾಜ ನೆಬೂಕದ್ನೆಚ್ಚರನು ತಾನು ಕಂಡ ಕನಸು ಏನೆಂಬುದನ್ನೂ ಅದರ ಅರ್ಥವನ್ನೂ ತನ್ನ ವಿದ್ವಾಂಸರೇ ಹೇಳಬೇಕೆಂದು ಹಟ ಹಿಡಿಯುತ್ತಾನೆ. ಕನಸನ್ನು ತಾವು ಹೇಳಿದರೆ ಅರ್ಥವನ್ನು ನಾವು ಹೇಳುತ್ತೇವೆ ಎಂದು ಅವರು ಮತ್ತೆ ಮತ್ತೆ ಬೇಡಿಕೊಂಡಾಗ, ನೀವು ಸಮಯವನ್ನು ಕೊಂಡುಕೊಳ್ಳುತ್ತಿದ್ದೀರಿ ಎಂದು ಗದರಿಸುತ್ತಾನೆ. ಅಲ್ಲಿ ಸಮಯವನ್ನು ಕೊಳ್ಳುವುದೆಂದರೆ ತಪ್ಪಿಸಿಕೊಳ್ಳಲು ಕಾಲ ತಳ್ಳುವುದು. ಎಫೆಸ ಪತ್ರಿಕೆಯಲ್ಲಿ ಅದು ಎದುರುಗೊಳ್ಳಲು ಕಾಲವನ್ನು ಹಿಡಿದುಕೊಳ್ಳುವುದು.

ಪೌಲನು ಇದನ್ನು ಬರೆದ ಸ್ಥಿತಿಯನ್ನು ಮರೆಯಬಾರದು. ಆ ಪತ್ರಿಕೆಯಲ್ಲಿ ಅವನು ತನ್ನನ್ನು ಸೆರೆಯವನೆಂದು, ಬೇಡಿ ತೊಟ್ಟ ರಾಯಭಾರಿಯೆಂದು ಕರೆದುಕೊಂಡಿದ್ದಾನೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿಯೂ ಇದೇ ಬುದ್ಧಿವಾದವಿದೆ, ಅಲ್ಲಿಯೂ ಎರಡು ವಚನಗಳ ಹಿಂದೆಯೇ ಸಂಕೋಲೆಯ ಮಾತಿದೆ. ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು ಎಂಬುದು ಒಂದೂ ತನ್ನ ಇಚ್ಛೆಯಲ್ಲಿಲ್ಲದ ಮನುಷ್ಯನು ಸಮಯದ ಸದ್ಬಳಕೆಯನ್ನು ಕುರಿತು ಬೇರೆಯವರಿಗೆ ಹೇಳುತ್ತಿದ್ದಾನೆ. ಆದ್ದರಿಂದ ಅವನ ಮನಸ್ಸಿನಲ್ಲಿದ್ದದ್ದು ಬಿಡುವಿನ ವೇಳೆಯನ್ನು ಅಚ್ಚುಕಟ್ಟಾಗಿ ಹಂಚಿಕೊಳ್ಳುವ ಕೌಶಲ ಆಗಿರಲಾರದು. ಕೊಲೊಸ್ಸೆ ಪತ್ರಿಕೆಯಲ್ಲಿ ಆ ವಚನದ ಬೆನ್ನಿಗೇ ಬರುವುದು ಮಾತಿನ ವಿಷಯ: ನಿಮ್ಮ ಮಾತು ಇಂಪಾಗಿಯೂ ಉಪ್ಪು ಬೆರೆತದ್ದಾಗಿಯೂ ಇರಲಿ, ಯಾರಿಗೆ ಹೇಗೆ ಉತ್ತರ ಕೊಡಬೇಕೆಂಬುದು ನಿಮಗೆ ತಿಳಿದಿರಲಿ ಎಂದು. ಹೊತ್ತನ್ನು ಬಿಡಿಸಿಕೊಳ್ಳುವುದೆಂದರೆ ಇಲ್ಲಿ ಎದುರಿಗೆ ಬಂದ ಮನುಷ್ಯನಿಗೆ ಆ ಕ್ಷಣಕ್ಕೆ ತಕ್ಕ ಮಾತನ್ನು ಆಡುವುದು.

ಈ ವಚನಗಳಲ್ಲಿ ಸಮಯಕ್ಕೆ ಬಳಸಿರುವ ಪದ ‘ಕೈರೊಸ್’. ಗಡಿಯಾರ ಅಳೆಯುವ ಉದ್ದನೆಯ ಕಾಲಕ್ಕೆ ‘ಕ್ರೊನೊಸ್’ ಎಂದೂ, ತಕ್ಕ ಗಳಿಗೆಗೆ ‘ಕೈರೊಸ್’ ಎಂದೂ ವಿಂಗಡಿಸಿ ಪ್ರಸಂಗ ಮಾಡುವುದು ಸಾಮಾನ್ಯ. ಆದರೆ ಈ ವಿಂಗಡಣೆಯನ್ನು ಹೆಚ್ಚು ಎಳೆದಾಡಬಾರದೆಂದು ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ ಅವರು 1962ರಲ್ಲಿಯೇ ವಾದಿಸಿದ್ದರು. ಎರಡೂ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬರುವ ಕಡೆಗಳು ಸಾಕಷ್ಟಿವೆ. ಅವರ ಎಚ್ಚರಿಕೆ ಸರಿಯೆಂದೇ ನನಗೂ ತೋರುತ್ತದೆ. ನಿಘಂಟಿಗಿಂತ ಸಂದರ್ಭವೇ ಇಲ್ಲಿ ಗಟ್ಟಿಯಾದ ಆಧಾರ, ಮತ್ತು ಈ ಎರಡು ಪತ್ರಿಕೆಗಳ ಸಂದರ್ಭ ಹೇಳುವುದು ನಿಮಿಷಗಳ ಲೆಕ್ಕವನ್ನಲ್ಲ, ಅವಕಾಶಗಳನ್ನು.

ಹಾಗಾದರೆ ಲೆಕ್ಕವೇ ಬೇಡವೆ? ಬೇಕು ಎನ್ನುತ್ತದೆ 90ನೆಯ ಕೀರ್ತನೆ. ಮೋಶೆಯ ಪ್ರಾರ್ಥನೆಯೆಂಬ ತಲೆಬರಹವುಳ್ಳ ಈ ಕೀರ್ತನೆ ಮನುಷ್ಯನ ಆಯುಷ್ಯವನ್ನು 70 ವರ್ಷ, ಬಲವಿದ್ದರೆ 80 ಎಂದು ಹೇಳಿ, ನಮ್ಮ ದಿನಗಳನ್ನು ಎಣಿಸುವುದನ್ನು ಕಲಿಸು ಎಂದು ದೇವರನ್ನು ಬೇಡುತ್ತದೆ. 70 ವರ್ಷಗಳೆಂದರೆ ಸುಮಾರು 25,500 ದಿನಗಳು. ವರ್ಷಗಳ ಲೆಕ್ಕದಲ್ಲಿ ದೊಡ್ಡದಾಗಿ ಕಾಣುವ ಬದುಕು ದಿನಗಳ ಲೆಕ್ಕಕ್ಕೆ ಇಳಿದ ಕೂಡಲೇ ಎಣಿಸಿ ಮುಗಿಸಬಹುದಾದ ಗಂಟಿನಂತೆ ಕಾಣುತ್ತದೆ. ಆದರೂ ಆ ಎಣಿಕೆಯಿಂದ ಕೀರ್ತನೆಗಾರನು ಬಯಸುವುದು ಜ್ಞಾನದ ಹೃದಯವನ್ನು. ಎಣಿಸಲು ತಿಳಿದರೆ ಸಾಕಿತ್ತು ಎಂದಿದ್ದರೆ ದೇವರು ಕಲಿಸಬೇಕಾದ ಅಗತ್ಯವೇ ಇರುತ್ತಿರಲಿಲ್ಲ. ಇಂದೋ ನಾಳೆಯೋ ಇಂಥ ಊರಿಗೆ ಹೋಗಿ, ಅಲ್ಲಿ ಒಂದು ವರ್ಷವಿದ್ದು, ವ್ಯಾಪಾರ ಮಾಡಿ ಲಾಭ ಗಳಿಸುವೆವು ಎನ್ನುವವರನ್ನು ಯಾಕೋಬನು ತನ್ನ ಪತ್ರಿಕೆಯಲ್ಲಿ ತಡೆದು ನಿಲ್ಲಿಸುವುದೂ ಇದಕ್ಕಾಗಿಯೇ. ನಿಮ್ಮ ಜೀವ ಸ್ವಲ್ಪ ಹೊತ್ತು ಕಾಣಿಸಿಕೊಂಡು ಮಾಯವಾಗುವ ಹಬೆ, ಕರ್ತನ ಚಿತ್ತವಿದ್ದರೆ ಎಂಬ ಮಾತನ್ನು ಸೇರಿಸಿರಿ ಎನ್ನುತ್ತಾನೆ. ಯೋಜನೆ ಹಾಕಬೇಡಿ ಎಂದು ಅವನು ಹೇಳಲಿಲ್ಲ. ಇನ್ನೂ ಕೈಗೆ ಬಾರದ ವರ್ಷವನ್ನು ತಮ್ಮ ಸ್ವತ್ತೆಂಬಂತೆ ಖರ್ಚು ಹಾಕುವ ಧಾಟಿಯನ್ನು ಆಕ್ಷೇಪಿಸಿದನು.

ಕ್ರೈಸ್ತ ದೃಷ್ಟಿಯ ನಡುಗಂಬ ಇದೇ: ಸಮಯ ನಮ್ಮ ಸ್ವತ್ತಲ್ಲ, ನಮ್ಮ ವಶಕ್ಕೆ ಕೊಟ್ಟದ್ದು. ಕನ್ನಡ ಬೈಬಲಿನಲ್ಲಿ ಇಂಥವನಿಗೆ ಒಂದು ಸೊಗಸಾದ ಹೆಸರಿದೆ, ‘ಮನೆವಾರ್ತೆಯವನು’. ಯಜಮಾನನ ಮನೆಯನ್ನು ನೋಡಿಕೊಳ್ಳುವವನು ಅವನು. ಬೀಗದ ಕೈ ಅವನ ಬಳಿ ಇದ್ದರೂ ಮನೆ ಅವನದಲ್ಲ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ತಲಾಂತುಗಳ ಸಾಮ್ಯದಲ್ಲಿ ಯಜಮಾನನು ಮೂವರು ಆಳುಗಳಿಗೆ ಐದು, ಎರಡು, ಒಂದು ಎಂದು ತಲಾಂತುಗಳನ್ನು ಒಪ್ಪಿಸಿ ಪರದೇಶಕ್ಕೆ ಹೋಗುತ್ತಾನೆ. ‘ಟ್ಯಾಲೆಂಟ್’ ಎಂಬ ಇಂಗ್ಲಿಷ್ ಪದಕ್ಕೆ ಪ್ರತಿಭೆಯೆಂಬ ಅರ್ಥ ಈ ಕತೆಯಿಂದಲೇ ಬಂದಿರುವ ಕಾರಣ ಇದನ್ನು ಹಾಡು, ಚಿತ್ರ, ಬರವಣಿಗೆಗಳ ಕತೆಯೆಂದು ಓದುವ ರೂಢಿ ಬೆಳೆದಿದೆ. ಆದರೆ ಒಂದು ತಲಾಂತೆಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ವರ್ಷಕ್ಕೆ 300 ದಿನಗಳ ದುಡಿಮೆಯೆಂದು ಹಿಡಿದರೆ, ಎಲ್ಲರಿಗಿಂತ ಕಡಮೆ ಪಡೆದ ಆಳಿನ ಕೈಯಲ್ಲಿದ್ದದ್ದು 20 ವರ್ಷಗಳ ದುಡಿಮೆಯ ಬೆಲೆ. ಅವನು ನೆಲದಲ್ಲಿ ಹೂತಿಟ್ಟದ್ದು ಬೆಳ್ಳಿಯನ್ನು ಮಾತ್ರವಲ್ಲ, ಅಷ್ಟು ಹಗಲುಗಳನ್ನು ಎಂದು ಓದಿದರೆ ಕತೆಯ ಭಾರವೇ ಬೇರೆಯಾಗುತ್ತದೆ. ಅವನು ಕುಡಿದು ಹಾಳುಮಾಡಲಿಲ್ಲ, ಜೂಜಾಡಲಿಲ್ಲ. ಯಜಮಾನನು ಕಠಿಣನೆಂದು ಹೆದರಿ ಏನನ್ನೂ ಮಾಡಲಿಲ್ಲ, ಅಷ್ಟೇ.

ಈ ಕತೆಯೊಂದನ್ನೇ ಹಿಡಿದುಕೊಂಡವರು ಬೇಗನೆ ಬಿಗಿಯಾಗಿಬಿಡುತ್ತಾರೆ. ಅದಕ್ಕೆ ಮದ್ದೆಂಬಂತೆ ಅದೇ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ದ್ರಾಕ್ಷೇತೋಟದ ಕೂಲಿಯವರಿದ್ದಾರೆ. ಬೆಳಗ್ಗೆ ಬಂದವರು ಬಿಸಿಲಿನಲ್ಲಿ ಬೆಂದು ದುಡಿದಿದ್ದಾರೆ, ಸಂಜೆಗೆ ಒಂದು ಗಂಟೆ ಉಳಿದಿರುವಾಗ ಬಂದವರೂ ಇದ್ದಾರೆ. ಎಲ್ಲರ ಕೈಗೂ ಒಂದೇ ದಿನಾರಿ. ಮೊದಲು ಬಂದವರು ಗೊಣಗುವುದು ನ್ಯಾಯವೆಂದೇ ಓದುಗನಿಗೆ ಅನಿಸುತ್ತದೆ, ಅನಿಸಲೆಂದೇ ಕತೆಯನ್ನು ಹಾಗೆ ಹೆಣೆದಿದೆ. ಗಂಟೆಗಳನ್ನು ಒಟ್ಟುಗೂಡಿಸಿ ದೇವರ ಒಲವನ್ನು ಕೊಳ್ಳಲಾಗುವುದಿಲ್ಲ, ತಡವಾಗಿ ಬಂದವನಿಗೂ ಆ ಕೊನೆಯ ಗಂಟೆ ಪೂರ್ತಿ ಒಂದು ದಿನವಾಗಬಹುದು. ಈ ಎರಡು ಕತೆಗಳನ್ನು ಜೊತೆಯಾಗಿ ಓದದಿದ್ದರೆ ಕ್ರೈಸ್ತ ದೃಷ್ಟಿಯ ಅರ್ಧ ಮಾತ್ರ ಕೈಗೆ ಸಿಗುತ್ತದೆ.

ಸಿಕ್ಕ ಅರ್ಧವನ್ನೇ ಇಡಿಯೆಂದು ತಿಳಿದ ಇತಿಹಾಸವೂ ಇದೆ. ಸಮಯವೇ ಹಣ ಎಂಬ ಮಾತನ್ನು ಬೆಂಜಮಿನ್ ಫ್ರಾಂಕ್ಲಿನ್ ಅವರು 1748ರಲ್ಲಿ ಒಬ್ಬ ತರುಣ ವ್ಯಾಪಾರಿಗೆ ಕೊಟ್ಟ ಸಲಹೆಯಲ್ಲಿ ಬರೆದರು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅವರು 1904–05ರಲ್ಲಿ ಬಂಡವಾಳಶಾಹಿಯ ಮನೋಧರ್ಮವನ್ನು ವಿವರಿಸಲು ಹೊರಟಾಗ ಅದೇ ಬರಹವನ್ನು ಉದ್ಧರಿಸಿ, ಸಮಯವನ್ನು ವ್ಯರ್ಥಮಾಡುವುದು ಘೋರ ಪಾಪವೆಂದು ಕಂಡ ಪ್ಯೂರಿಟನ್ನರ, ಅಂದರೆ ಕಟ್ಟುನಿಟ್ಟಿನ ಪ್ರೊಟೆಸ್ಟಂಟರ, ಶಿಸ್ತು ಕ್ರಮೇಣ ದೇವರನ್ನು ಕಳಚಿಕೊಂಡು ಬರಿಯ ದುಡಿಮೆಯ ಶಿಸ್ತಾಗಿ ಉಳಿಯಿತು ಎಂದು ವಾದಿಸಿದರು. ಅವರ ವಾದದ ಎಲ್ಲ ಎಳೆಗಳನ್ನೂ ಇತಿಹಾಸಕಾರರು ಒಪ್ಪಿಲ್ಲ. ಆದರೂ ಅವರು ತೋರಿಸಿದ ಗೊಂದಲ ನಿಜವಾದದ್ದು, ಮತ್ತು ಅದನ್ನು ನಾನು ನನ್ನಲ್ಲಿಯೇ ಕಂಡಿದ್ದೇನೆ. ಕೆಲವು ತಿಂಗಳು ನಾನು ದಿನವನ್ನು ಅರ್ಧರ್ಧ ಗಂಟೆಗಳಾಗಿ ಸೀಳಿ, ಒಂದೊಂದು ತುಂಡಿನ ಎದುರಿಗೂ ಏನು ಮಾಡಿದೆನೆಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ; ವ್ಯರ್ಥವಾದ ತುಂಡಿನ ಮುಂದೆ ಸಣ್ಣ ಸೊನ್ನೆ. ಬಹಳ ದಿನಗಳ ಮೇಲೆ ಆ ಪುಸ್ತಕವನ್ನು ತಿರುವಿ ಹಾಕಿದಾಗ ಒಂದು ಸಂಜೆ ಸಾಲಾಗಿ ಮೂರು ಸೊನ್ನೆಗಳಿದ್ದವು. ಹೆಂಡತಿ ತೀರಿಹೋಗಿ ಒಂಟಿಯಾಗಿದ್ದ ನೆಂಟರೊಬ್ಬರು ಫೋನು ಮಾಡಿ ಒಂದೂವರೆ ಗಂಟೆ ಮಾತನಾಡಿದ್ದ ಸಂಜೆ ಅದು. ಬೈಬಲ್ ವಚನವೊಂದನ್ನು ಆ ಪುಸ್ತಕದ ಮೊದಲ ಪುಟದಲ್ಲಿ ನಾನೇ ಬರೆದುಕೊಂಡಿದ್ದೆ ಎಂಬುದು ಇದರ ಮೇಲಿನ ತಮಾಷೆ.

ಸುವಾರ್ತೆಗಳಲ್ಲಿ ಯೇಸು ತನ್ನ ಹೊತ್ತನ್ನು ಬಳಸಿದ ರೀತಿಯನ್ನು ನೋಡಿದರೆ ಇಂಥ ಲೆಕ್ಕದ ಪುಸ್ತಕ ನಿಲ್ಲುವುದಿಲ್ಲ. ಮಾರ್ಕನ 1ನೆಯ ಅಧ್ಯಾಯದಲ್ಲಿ ಕಪೆರ್ನೌಮಿನ ಒಂದು ದಿನದ ವರದಿಯೇ ಇದೆ. ಅದು ಸಬ್ಬತ್, ಯೆಹೂದ್ಯರ ವಿಶ್ರಾಂತಿಯ ದಿನ. ಸಭಾಮಂದಿರದಲ್ಲಿ ಉಪದೇಶ, ದೆವ್ವ ಹಿಡಿದವನೊಬ್ಬನ ಬಿಡುಗಡೆ, ಆಮೇಲೆ ಸೀಮೋನನ ಅತ್ತೆಯ ಜ್ವರ. ಹೊತ್ತು ಮುಳುಗಿ ಸಬ್ಬತ್ ಮುಗಿದ ಮೇಲೆ ಊರಿಗೆ ಊರೇ ರೋಗಿಗಳನ್ನು ಹೊತ್ತುಕೊಂಡು ಬಾಗಿಲಲ್ಲಿ ನೆರೆಯುತ್ತದೆ. ಮರುದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಯಾರೂ ಇಲ್ಲದ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದಾನೆ. ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎನ್ನುತ್ತಾರೆ. ಯಾವ ಸೇವಕನಿಗಾದರೂ ಇದು ಹಿಂದಿರುಗಲು ಸಾಕಾದ ಕಾರಣ. ಯೇಸು ಹಿಂದಿರುಗುವುದಿಲ್ಲ, ನೆರೆಯ ಊರುಗಳಿಗೆ ಹೋಗೋಣ, ನಾನು ಹೊರಟು ಬಂದದ್ದು ಅದಕ್ಕಾಗಿಯೇ ಎನ್ನುತ್ತಾನೆ. ಕಪೆರ್ನೌಮಿನ ಬಾಗಿಲಲ್ಲಿ ಆ ಬೆಳಗ್ಗೆಯೂ ರೋಗಿಗಳು ಇದ್ದಿರಲೇಬೇಕು. ಒಳ್ಳೆಯ ಕೆಲಸವೊಂದನ್ನು ಅರ್ಧಕ್ಕೆ ಬಿಟ್ಟು ಹೋಗುವ ಧೈರ್ಯ, ಅದೂ ಪ್ರಾರ್ಥನೆಯಿಂದ ಎದ್ದ ಕೂಡಲೇ, ಈ ವಾಕ್ಯಗಳಲ್ಲಿದೆ.

ನಾಲ್ಕು ಅಧ್ಯಾಯ ದಾಟಿದರೆ ಇದಕ್ಕೆ ಹಿಮ್ಮುಖವಾದ ಘಟನೆ. ಸಭಾಮಂದಿರದ ಅಧಿಕಾರಿ ಯಾಯೀರನ 12 ವರ್ಷದ ಮಗಳು ಸಾಯುವ ಹಾಗಿದ್ದಾಳೆ; ಯೇಸು ಅವನ ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ, 12 ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಜನಜಂಗುಳಿಯಲ್ಲಿ ಹಿಂದಿನಿಂದ ಬಂದು ಅವನ ಉಡುಪನ್ನು ಮುಟ್ಟಿ ವಾಸಿಯಾಗುತ್ತಾಳೆ. ಕೆಲಸ ಅಲ್ಲಿಗೆ ಮುಗಿಯಿತು, ಮುಂದೆ ನಡೆಯಬಹುದಿತ್ತು. ಯೇಸು ನಿಲ್ಲುತ್ತಾನೆ, ನನ್ನನ್ನು ಮುಟ್ಟಿದವರು ಯಾರು ಎಂದು ಕೇಳುತ್ತಾನೆ, ಅವಳು ನಡುಗುತ್ತ ಬಂದು ನಡೆದದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ಕೇಳಿಸಿಕೊಳ್ಳುತ್ತಾನೆ. ಅವನು ಮಾತನಾಡುತ್ತಿರುವಾಗಲೇ ಯಾಯೀರನ ಮನೆಯಿಂದ ಜನ ಬಂದು ಹುಡುಗಿ ತೀರಿಹೋದಳು ಎನ್ನುತ್ತಾರೆ. ಯಾಯೀರನ ಕಣ್ಣಿನಿಂದ ನೋಡಿದರೆ ಆ ನಿಂತ ಹೊತ್ತಿಗಿಂತ ದೊಡ್ಡ ಅಪವ್ಯಯ ಇನ್ನೊಂದಿಲ್ಲ. ಹುಡುಗಿ ಆಮೇಲೆ ಎದ್ದು ನಡೆದಾಡಿದಳೆಂಬುದು ನಮಗೆ ಗೊತ್ತು, ದಾರಿಯಲ್ಲಿ ನಿಂತಿದ್ದ ತಂದೆಗೆ ಗೊತ್ತಿರಲಿಲ್ಲ.

ಒಂದು ಕಡೆ ಜನ ಕರೆದರೂ ಹೋಗಲಿಲ್ಲ, ಇನ್ನೊಂದು ಕಡೆ ತುರ್ತಿದ್ದರೂ ನಿಂತನು. ಎರಡಕ್ಕೂ ಒಂದೇ ಸೂತ್ರ ಹಾಕಲು ಹೊರಟರೆ ಸೋಲುತ್ತೇವೆ. ಒಂದು ಮಾತನ್ನಂತೂ ಹೇಳಬಹುದು: ಎರಡು ಕಡೆಗಳಲ್ಲಿಯೂ ತುರ್ತು ಅವನನ್ನು ಆಳಲಿಲ್ಲ. ಸುಮಾರು 30 ವಯಸ್ಸಿನವರೆಗೆ ಮರಗೆಲಸದವನಾಗಿ ಹೆಸರಿಲ್ಲದೆ ಬಾಳಿ, ಆಮೇಲೆ ಕೆಲವೇ ವರ್ಷ ಬಹಿರಂಗವಾಗಿ ಕೆಲಸ ಮಾಡಿ, ಎಷ್ಟೋ ಊರುಗಳನ್ನು ನೋಡದೆ, ಎಷ್ಟೋ ರೋಗಿಗಳನ್ನು ಮುಟ್ಟದೆ ಹೋದವನು ಕೊನೆಯ ರಾತ್ರಿ ತಂದೆಗೆ ಮಾಡುವ ಪ್ರಾರ್ಥನೆಯಲ್ಲಿ, ನೀನು ನನಗೆ ಕೊಟ್ಟ ಕೆಲಸವನ್ನು ಮುಗಿಸಿದ್ದೇನೆ ಎನ್ನುತ್ತಾನೆ. ಇರುವ ಕೆಲಸವನ್ನೆಲ್ಲ ಎಂದಲ್ಲ, ಕೊಟ್ಟ ಕೆಲಸವನ್ನು.

ವಿಶ್ರಾಂತಿಯ ಮಾತು ಇಲ್ಲಿಂದಲೇ ಹುಟ್ಟುತ್ತದೆ. ಸಬ್ಬತ್ತಿನ ಆಜ್ಞೆಗೆ ಬೈಬಲ್ ಎರಡು ಕಾರಣಗಳನ್ನು ಕೊಡುತ್ತದೆ. ವಿಮೋಚನಕಾಂಡದ 20ನೆಯ ಅಧ್ಯಾಯದ ಪ್ರಕಾರ ದೇವರು ಆರು ದಿನ ಸೃಷ್ಟಿಮಾಡಿ ಏಳನೆಯ ದಿನ ವಿಶ್ರಮಿಸಿದ್ದು. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದ ಪ್ರಕಾರ ನೀವು ಐಗುಪ್ತದಲ್ಲಿ ದಾಸರಾಗಿದ್ದದ್ದು. ಬಿಡುವಿಲ್ಲದೆ ದುಡಿಯುವುದು ದಾಸನ ಗುರುತು ಎಂಬ ನೆನಪು ಎರಡನೆಯದರಲ್ಲಿದೆ. ಆದ್ದರಿಂದಲೇ ಅಲ್ಲಿ ಆಳುಗಳೂ ಎತ್ತುಗಳೂ ಕತ್ತೆಗಳೂ ಪರದೇಶದವನೂ ವಿಶ್ರಮಿಸಬೇಕು. ನಸುಕಿನಲ್ಲೇ ಎದ್ದು ತಡರಾತ್ರಿಯವರೆಗೆ ದುಡಿದು ಕಷ್ಟದ ಅನ್ನ ಉಣ್ಣುವುದು ವ್ಯರ್ಥ ಎನ್ನುವ 127ನೆಯ ಕೀರ್ತನೆ, ನಿದ್ರೆಯನ್ನು ಸಮಯದ ನಷ್ಟವೆಂದು ಎಣಿಸುವುದಿಲ್ಲ.

ಸೋಮಾರಿತನವನ್ನು ಕುರಿತು ಬೈಬಲಿಗೆ ಮೃದುತ್ವವಿಲ್ಲ. ಇರುವೆಯ ಬಳಿ ಹೋಗಿ ಕಲಿ ಎನ್ನುತ್ತದೆ ಜ್ಞಾನೋಕ್ತಿ. ಕೆಲಸಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಎನ್ನುತ್ತಾನೆ ಪೌಲ. ಇದರ ಸೂಕ್ಷ್ಮವಾದ ರೂಪವನ್ನು ಹಿಡಿದವರು ಈಜಿಪ್ಟಿನ ಮರಳುಗಾಡಿನ ಸನ್ಯಾಸಿಗಳು. 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಅವರು ‘ಅಕೇಡಿಯ’, ಅಂದರೆ ಜಡ ಬೇಸರ, ಎಂಬ ಮನೋವ್ಯಾಧಿಯನ್ನು ಒಂದು ದೆವ್ವವೆಂದೇ ವರ್ಣಿಸುವುದನ್ನು ಓದಿದರೆ ನಗು ಬರುತ್ತದೆ, ಆಮೇಲೆ ಬರುವುದಿಲ್ಲ. ಈ ದೆವ್ವ ಹಗಲು ಹತ್ತು ಗಂಟೆಯ ಹೊತ್ತಿಗೆ ಬಂದು ಎರಡು ಗಂಟೆಯವರೆಗೆ ಕಾಡುತ್ತದೆ. ಸೂರ್ಯ ಜರುಗುವುದೇ ಇಲ್ಲವೆಂದೂ ಹಗಲು 50 ಗಂಟೆ ಉದ್ದವೆಂದೂ ತೋರುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಗುಡಿಸಲಿನಿಂದ ಹೊರಗೆ ಬಂದು ಊಟದ ಹೊತ್ತಿಗೆ ಇನ್ನೆಷ್ಟು ಉಳಿದಿದೆಯೆಂದು ಬಿಸಿಲನ್ನು ಅಳೆಯುತ್ತಾನೆ, ಯಾರಾದರೂ ಸಹೋದರ ಬರುತ್ತಾನೇನೋ ಎಂದು ಆಚೆ ಈಚೆ ಕಣ್ಣು ಹಾಯಿಸುತ್ತಾನೆ. ಅವರ ಶಿಷ್ಯಪರಂಪರೆಯ ಜಾನ್ ಕೇಸಿಯನ್ ಅವರು ಇನ್ನೊಂದು ಎಳೆಯನ್ನು ಸೇರಿಸಿದರು: ಇದೇ ಬೇಸರ ರೋಗಿಗಳನ್ನು ನೋಡಿಬರೋಣ ಎಂಬ ಪುಣ್ಯಕಾರ್ಯದ ವೇಷದಲ್ಲಿಯೂ ಎಬ್ಬಿಸುತ್ತದೆ. ಕೂತ ಜಾಗದಲ್ಲಿ ಮಾಡಬೇಕಾದ ಕೆಲಸವನ್ನು ತಪ್ಪಿಸಿಕೊಳ್ಳಲು ಓಡಾಟವೂ ಒಂದು ಸೋಮಾರಿತನ. ಕಿಟಕಿಯ ಜಾಗಕ್ಕೆ ಇಂದು ಅಂಗೈಯಗಲದ ಪರದೆ ಬಂದಿದೆ, ಉಳಿದದ್ದೆಲ್ಲ ಹಾಗೆಯೇ ಇದೆ.

ಸೋಮಾರಿತನ ಆತ್ಮದ ಶತ್ರು ಎಂದು 6ನೆಯ ಶತಮಾನದಲ್ಲಿ ಬರೆದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ ದಿನವನ್ನು ಪ್ರಾರ್ಥನೆ, ಕೈಕೆಲಸ, ಓದು ಎಂದು ಹಂಚಿ, ಬೇಸಗೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹಾಸಿಗೆಯ ಮೇಲೆ ಒರಗುವುದಕ್ಕೂ ಹೊತ್ತು ಇಟ್ಟರು. ಓದಿನ ವೇಳೆಯಲ್ಲಿ ಯಾರಾದರೂ ಬೇಸರದಿಂದ ಹರಟೆಗಿಳಿದಿದ್ದಾರೆಯೇ ಎಂದು ನೋಡಲು ಒಬ್ಬಿಬ್ಬರು ಹಿರಿಯರು ಸುತ್ತು ಹಾಕಬೇಕು. ಪ್ರಾರ್ಥನೆಯ ಕರೆ ಕೇಳಿದೊಡನೆ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಯೇ ಬಿಟ್ಟು ಹೊರಡಬೇಕು. ಅವರಿಗಿಂತ ಸುಮಾರು ನೂರು ವರ್ಷ ಹಿಂದೆ ಕೇಸಿಯನ್ ಅವರು ಈಜಿಪ್ಟಿನಲ್ಲಿ ಕಂಡ ರೂಢಿ ಇನ್ನೂ ನಿಷ್ಠುರ: ಬಾಗಿಲು ಬಡಿದ ಸದ್ದಾದರೆ, ಬರೆಯುತ್ತಿದ್ದ ಸನ್ಯಾಸಿ ಆರಂಭಿಸಿದ ಅಕ್ಷರವನ್ನು ಕೂಡ ಪೂರ್ತಿ ಮಾಡದೆ ಏಳುತ್ತಿದ್ದನು. ಕೊಂಬೋ ಒತ್ತೋ ಬಾಕಿಯಿರುವಾಗಲೇ ಲೇಖನಿಯನ್ನು ಕೆಳಗಿಡುವ ಆ ಕೈಯನ್ನು ಊಹಿಸಿಕೊಳ್ಳಬೇಕು. ಕೆಲಸವನ್ನು ಶುರುಮಾಡುವ ಶಿಸ್ತಿಗಿಂತ ನಿಲ್ಲಿಸುವ ಶಿಸ್ತು ಕಷ್ಟವೆಂಬುದು ಬರೆಯುವವರಿಗೆಲ್ಲ ಗೊತ್ತು.

ಪ್ರೊಟೆಸ್ಟಂಟರಲ್ಲಿ ಜಾನ್ ವೆಸ್ಲಿ ಅವರು 1782ರಲ್ಲಿ ಎಫೆಸ ಪತ್ರಿಕೆಯ ಇದೇ ವಚನದ ಮೇಲೆ ಬರೆದ ಪ್ರಸಂಗ ಇಡಿಯಾಗಿ ನಿದ್ರೆಯನ್ನು ಕುರಿತದ್ದು. ರಾತ್ರಿ 12ಕ್ಕೋ 1ಕ್ಕೋ ಎಚ್ಚರವಾಗಿ ಹೊರಳಾಡುತ್ತಿದ್ದ ತಾವು ಅಲಾರಂ ಗಡಿಯಾರ ತಂದು ಮೊದಲ ದಿನ 7ಕ್ಕೆ, ಮರುದಿನ 6ಕ್ಕೆ, ಆಮೇಲೆ 5ಕ್ಕೆ, ನಾಲ್ಕನೆಯ ದಿನ 4ಕ್ಕೆ ಎದ್ದಾಗ ಎಡೆಬಿಡದ ನಿದ್ರೆ ಬಂತೆಂದೂ, ತಮ್ಮ ದೇಹಕ್ಕೆ ಬೇಕಾದದ್ದು ಆರೂವರೆ ಗಂಟೆಯೆಂದು ಹೀಗೆ ತಿಳಿಯಿತೆಂದೂ ಹೇಳುತ್ತಾರೆ. ಬೆಚ್ಚನೆಯ ಹೊದಿಕೆಗಳ ನಡುವೆ ಹೆಚ್ಚು ಹೊತ್ತು ನೆನೆದರೆ ಮೈಮಾಂಸ ಅರೆಬೆಂದಂತಾಗುತ್ತದೆ ಎಂಬ ಅವರ ವೈದ್ಯವನ್ನು ಯಾರೂ ನಂಬಬೇಕಾಗಿಲ್ಲ. ಎಲ್ಲರ ದೇಹಕ್ಕೂ ಒಂದೇ ಅಳತೆ ಹೊಂದುವುದಿಲ್ಲವೆಂದು ಒಪ್ಪಿಕೊಂಡು, ತನ್ನ ಅಳತೆಯನ್ನು ತಾನೇ ಪರೀಕ್ಷಿಸಿ ಕಂಡುಕೊಳ್ಳಬೇಕೆಂದ ಅವರ ಪ್ರಾಮಾಣಿಕತೆ ಮಾತ್ರ ಉಳಿಯುವಂಥದ್ದು.

ದಿನದ ಕೊನೆಯಲ್ಲಿ ಲೆಕ್ಕ ಒಪ್ಪಿಸುವ ಕ್ರಮವೊಂದನ್ನು ಲೊಯೊಲಾದ ಸಂತ ಇಗ್ನೇಷಿಯಸ್ ಅವರು 16ನೆಯ ಶತಮಾನದಲ್ಲಿ ರೂಪಿಸಿದರು. ಕಥೋಲಿಕರಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಎದ್ದ ಗಳಿಗೆಯಿಂದ ಹಿಡಿದು ಗಂಟೆ ಗಂಟೆಯಾಗಿ ದಿನವನ್ನು ಹಿಂದಿರುಗಿ ನೋಡುವುದು ಅದರ ಐದು ಹಂತಗಳಲ್ಲಿ ಮೂರನೆಯದು. ಮೊದಲನೆಯದು, ಪಡೆದದ್ದಕ್ಕಾಗಿ ದೇವರಿಗೆ ಕೃತಜ್ಞತೆ. ಎರಡನೆಯದು, ತನ್ನ ತಪ್ಪನ್ನು ಕಾಣುವ ಕೃಪೆಗಾಗಿ ಬೇಡಿಕೆ. ಲೆಕ್ಕ ಅವೆರಡರ ಆಮೇಲೆ. ಈ ಅನುಕ್ರಮ ಗೊತ್ತಿದ್ದಿದ್ದರೆ ಆ ಮೂರು ಸೊನ್ನೆಗಳನ್ನು ನಾನು ಬರೆಯುತ್ತಿರಲಿಲ್ಲವೇನೋ.

ಮಠಗಳಲ್ಲಿ ರಾತ್ರಿಯ ಕೊನೆಯ ಪ್ರಾರ್ಥನೆಯಲ್ಲಿ 31ನೆಯ ಕೀರ್ತನೆಯ ಮಾತು ಬರುತ್ತದೆ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂದು. ಯೇಸು ಶಿಲುಬೆಯ ಮೇಲೆ ಆಡಿದ್ದೂ ಅದನ್ನೇ. ಅದೇ ಕೀರ್ತನೆ ಹತ್ತು ವಚನಗಳ ಮುಂದೆ, ನನ್ನ ಕಾಲಗಳು ನಿನ್ನ ಕೈಯಲ್ಲಿವೆ ಎನ್ನುತ್ತದೆ. ಆ ಪ್ರಾರ್ಥನೆ ಮುಗಿದ ಮೇಲೆ ಬೆಳಗಿನವರೆಗೆ ಯಾರೂ ಮಾತನಾಡಕೂಡದೆಂದು ಬೆನೆಡಿಕ್ಟರ ನಿಯಮ, ಮುರಿದವರಿಗೆ ಕಠಿಣ ಶಿಕ್ಷೆ. ಮಠಾಧಿಪತಿಯ ಅಪ್ಪಣೆಯನ್ನು ಬಿಟ್ಟರೆ ಅದಕ್ಕೆ ಅವರು ಇಟ್ಟಿರುವ ವಿನಾಯಿತಿ ಒಂದೇ: ಹೊತ್ತಲ್ಲದ ಹೊತ್ತಿನಲ್ಲಿ ಅತಿಥಿಗಳು ಬಂದರೆ ಮಾತನಾಡಬಹುದು.